ವೇಗಸ್ ನರದೊಳಗೆ ಏನೇನಿದೆ? ಸಸ್ತನಿಗಳ ವೇಗಸ್ ನರದ ಎಳೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕತ್ತಿನ ಎರಡೂ ಬದಿಯಲ್ಲಿ, ನಾಡಿ ಬಡಿಯುವ ದೊಡ್ಡ ರಕ್ತನಾಳಕ್ಕೆ ಅಂಟಿಕೊಂಡಂತೆ ಒಂದೊಂದು ನರ ಕೆಳಗಿಳಿಯುತ್ತದೆ. ಅದೇ ವೇಗಸ್. "ಮನಸ್ಸನ್ನು ಶಾಂತ ಮಾಡುವ ನರ" ಅಂತ ಈಗ ಎಲ್ಲಿ ನೋಡಿದರೂ ಇದರದೇ ಮಾತು. ಮೆದುಳು ಈ ನರದ ಮೂಲಕ ದೇಹಕ್ಕೆ ಅಪ್ಪಣೆ ಕೊಡುತ್ತದೆ ಎಂದೇ ಹೆಚ್ಚಿನವರು ತಿಳಿದಿದ್ದಾರೆ. ಆದರೆ ನರವನ್ನು ಬಿಡಿಸಿ ಎಳೆ ಎಳೆಯಾಗಿ ಎಣಿಸಿದವರು ಕಂಡದ್ದೇ ಬೇರೆ. ಈ ನರದ ಬಹುಪಾಲು ಕೆಲಸ ಒಳಗಿನ ಅಂಗಗಳ ಮಾತನ್ನು ಕೇಳಿಸಿಕೊಂಡು ಮೆದುಳಿಗೆ ಮುಟ್ಟಿಸುವುದು. ಕೆಳಗಿನ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದಲ್ಲ ಒಂದು ರೀತಿಯಲ್ಲಿ ಇದೇ ವಿಷಯಕ್ಕೆ ಬಂದು ನಿಲ್ಲುತ್ತವೆ.

ವೇಗಸ್ ಅಂದರೆ ಯಾವ ನರ? ಈ ಹೆಸರಿಗೂ ವೇಗಕ್ಕೂ ಸಂಬಂಧ ಇದೆಯೇ?

ಇಲ್ಲ. ಕನ್ನಡದ ಕಿವಿಗೆ ಹಾಗೆ ಕೇಳಿಸುತ್ತದೆ ಅಷ್ಟೇ. ಇದು ಲ್ಯಾಟಿನ್ ಪದ. ಅರ್ಥ "ಅಲೆದಾಡುವ". ನಿಜ ಹೇಳಬೇಕೆಂದರೆ ಇದರ ಬಹುತೇಕ ಎಳೆಗಳು ದೇಹದ ಅತಿ ನಿಧಾನದ ಎಳೆಗಳ ಸಾಲಿಗೆ ಸೇರುತ್ತವೆ.

ತಲೆಬುರುಡೆಯಿಂದ ಹೊರಡುವ 12 ಜೋಡಿ ನರಗಳಲ್ಲಿ ಇದು ಹತ್ತನೆಯದು. ಗಂಟಲು, ಧ್ವನಿಪೆಟ್ಟಿಗೆ, ಹೃದಯ, ಶ್ವಾಸಕೋಶ, ಅನ್ನನಾಳ, ಜಠರ, ಕರುಳು ಎಲ್ಲವನ್ನೂ ಮುಟ್ಟುತ್ತಾ ಹೋಗುತ್ತದೆ. ತಲೆಯಿಂದ ಹೊರಟು ಹೊಟ್ಟೆಯವರೆಗೂ ಹೋಗುವ ಇನ್ನೊಂದು ನರ ಆ ಹನ್ನೆರಡರಲ್ಲಿ ಇಲ್ಲ.

ಒಂದು ನರದಲ್ಲಿ ಎಷ್ಟು ಎಳೆಗಳಿರುತ್ತವೆ?

ಮನುಷ್ಯರ ಕತ್ತಿನಲ್ಲಿ ಒಂದು ಬದಿಯ ವೇಗಸ್‌ನಲ್ಲಿ ಸುಮಾರು ಒಂದು ಲಕ್ಷ. ಬೆಕ್ಕಿನಲ್ಲಿ ಹತ್ತಾರು ಸಾವಿರ. ನರ ಕೆಳಗೆ ಹೋದಂತೆ ಕವಲೊಡೆದು ಎಳೆಗಳು ಹಂಚಿಹೋಗುತ್ತವೆ. ಹಾಗಾಗಿ ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆಯಾದ ವಪೆ ದಾಟಿ ಹೊಟ್ಟೆ ಸೇರುವ ಹೊತ್ತಿಗೆ ಉಳಿಯುವುದು ಅದರಲ್ಲಿ ಸಣ್ಣ ಪಾಲು ಮಾತ್ರ.

ಇಲ್ಲಿ "ಎಳೆ" ಅಂತ ನಾನು ಹೇಳುತ್ತಿರುವುದು ನರತಂತುವನ್ನು. ಅಂದರೆ ಒಂದು ನರಕೋಶದಿಂದ ಹೊರಟ ಉದ್ದನೆಯ ಬಾಲ. ಹಗ್ಗಕ್ಕೆ ಎಳೆ ಹೇಗೋ ನರಕ್ಕೆ ಇದು ಹಾಗೆ.

80 ಭಾಗ ಒಳಗೆ ಬರುವ ಎಳೆಗಳು, 20 ಭಾಗ ಹೊರಗೆ ಹೋಗುವ ಎಳೆಗಳು ಅಂತಾರಲ್ಲ, ಅದು ನಿಜವೇ?

ಸ್ಥೂಲವಾಗಿ ನಿಜ. ಆದರೆ ಈ ಲೆಕ್ಕ ಎಲ್ಲಿಂದ ಬಂತು ಅನ್ನುವುದನ್ನು ತಿಳಿದುಕೊಂಡೇ ಬಳಸಬೇಕು.

ಮೊದಲು ತೊಡಕು ಏನೆಂದು ನೋಡೋಣ. ಅಂಗದಿಂದ ಮೆದುಳಿಗೆ ಸುದ್ದಿ ತರುವ, ಅಂದರೆ ಒಳಗೆ ಬರುವ ಎಳೆಯನ್ನೂ ಮೆದುಳಿನಿಂದ ಅಂಗಕ್ಕೆ ಆಜ್ಞೆ ಒಯ್ಯುವ, ಅಂದರೆ ಹೊರಗೆ ಹೋಗುವ ಎಳೆಯನ್ನೂ ಸಾಮಾನ್ಯ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಅಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ. ಯಾವುದು ಯಾವ ಕಡೆಗೆ ಹೋಗುತ್ತದೆ ಅಂತ ಅದರ ಮೇಲೆ ಬರೆದಿರುವುದಿಲ್ಲ. ಹಾಗಾದರೆ ಎಣಿಸುವುದು ಹೇಗೆ?

1937ರಲ್ಲಿ ಫೋಲಿ ಮತ್ತು ಡುಬಾಯ್ಸ್ ಎಂಬ ಇಬ್ಬರು ಬೆಕ್ಕಿನ ವೇಗಸ್ ಮೇಲೆ ಮಾಡಿದ ಕೆಲಸ ಇದಕ್ಕೆ ಒಳ್ಳೆಯ ಉತ್ತರ. ಅವರು ಬಳಸಿದ್ದು ಒಂದು ಸರಳ ಸತ್ಯವನ್ನು. ಎಳೆಯನ್ನು ಅದರ ತಾಯಿ ಕೋಶದಿಂದ ಕತ್ತರಿಸಿದರೆ ಕೋಶದಿಂದ ಬೇರೆಯಾದ ತುಂಡು ಕೆಲವೇ ದಿನಗಳಲ್ಲಿ ಕರಗಿಹೋಗುತ್ತದೆ. ಇದನ್ನು ಅಗಸ್ಟಸ್ ವಾಲರ್ 1850ರಲ್ಲೇ ಕಪ್ಪೆಯ ನರಗಳಲ್ಲಿ ತೋರಿಸಿದ್ದ. ಇನ್ನು, ವೇಗಸ್‌ನಲ್ಲಿ ಎರಡು ಬಗೆಯ ಎಳೆಗಳ ತಾಯಿ ಕೋಶಗಳು ಬೇರೆ ಬೇರೆ ಜಾಗದಲ್ಲಿವೆ. ಹೊರಗೆ ಹೋಗುವ ಎಳೆಗಳ ಕೋಶಗಳು ಮೆದುಳಿನ ಬುಡದ ಭಾಗವಾದ ಮಿದುಳುಕಾಂಡದ ಒಳಗಿವೆ. ಒಳಗೆ ಬರುವ ಎಳೆಗಳ ಕೋಶಗಳು ತಲೆಬುರುಡೆಯ ಬುಡದ ಹತ್ತಿರ, ನರದ ಮೇಲೇ ಉಬ್ಬಿಕೊಂಡಿರುವ ಎರಡು ಗಂಟುಗಳಲ್ಲಿವೆ. ಮೇಲಿನದು ಜುಗುಲರ್ ಗಂಟು, ಕೆಳಗಿನ ದೊಡ್ಡದು ನೊಡೋಸ್ ಗಂಟು.

ಈಗ ಗಂಟುಗಳಿಗಿಂತ ಮೇಲೆ, ಮೆದುಳಿನ ಹತ್ತಿರ ನರದ ಬೇರುಗಳನ್ನು ಕತ್ತರಿಸಿ. ಹೊರಗೆ ಹೋಗುವ ಎಳೆಗಳಿಗೆ ತಾಯಿ ಕೋಶದ ಸಂಪರ್ಕ ತಪ್ಪಿತು. ಅವು ಸಾಯುತ್ತವೆ. ಒಳಗೆ ಬರುವ ಎಳೆಗಳು ಕೆಳಗಿನ ಗಂಟಿಗೆ ಅಂಟಿಕೊಂಡೇ ಇವೆ. ಅವು ಬದುಕುತ್ತವೆ. ಕೆಲವು ವಾರ ಕಾದು ಕತ್ತಿನಲ್ಲಿ ಉಳಿದ ಎಳೆಗಳನ್ನು ಎಣಿಸಿ, ಕತ್ತರಿಸದ ಇನ್ನೊಂದು ಬದಿಯ ನರದ ಜೊತೆ ಹೋಲಿಸಿದರೆ ಸಾಕು. ಬೆಕ್ಕಿನಲ್ಲಿ ಹೀಗೆ ಸಿಕ್ಕ ಉತ್ತರ: 65ರಿಂದ 80 ಭಾಗ ಒಳಗೆ ಬರುವ ಎಳೆಗಳು. ಅದರ ಮೇಲ್ತುದಿಯ "80" ಮಾತ್ರ ಜನಪ್ರಿಯವಾಗಿ, ಎಲ್ಲ ಪ್ರಾಣಿಗಳಿಗೂ ಅಂಟಿಕೊಂಡುಬಿಟ್ಟಿತು.

ಎಲ್ಲಿ ಎಣಿಸಿದ್ದೀರಿ ಅನ್ನುವುದೂ ಅಷ್ಟೇ ಮುಖ್ಯ. 1957ರಲ್ಲಿ ಅಗೊಸ್ಟೋನಿ ಮತ್ತು ಸಂಗಡಿಗರು ಬೆಕ್ಕಿನ ವೇಗಸ್ಸನ್ನು ಕವಲು ಕವಲಾಗಿ ನೋಡಿದರು. ಹೊಟ್ಟೆಯ ಭಾಗದಲ್ಲಿ ಹೊರಗೆ ಹೋಗುವ ಎಳೆಗಳು ಸುಮಾರು ಹತ್ತನೇ ಒಂದು ಪಾಲು ಮಾತ್ರ. ಇಲಿಯ ಹೊಟ್ಟೆಯಲ್ಲಿ 1990ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಎಣಿಸಿದಾಗ ಆ ಪಾಲು ಸುಮಾರು ಕಾಲು ಭಾಗ ಬಂತು. ಧ್ವನಿಪೆಟ್ಟಿಗೆಗೆ ಹೋಗುವ ಕವಲಿನಲ್ಲಂತೂ ಸ್ನಾಯುಗಳನ್ನು ಆಡಿಸುವ ದಪ್ಪ ಎಳೆಗಳು ಎದ್ದು ಕಾಣುತ್ತವೆ. ಆದ್ದರಿಂದ ಯಾರಾದರೂ "ವೇಗಸ್‌ನಲ್ಲಿ ಇಷ್ಟು ಶೇಕಡಾ" ಅಂದರೆ, ಯಾವ ಪ್ರಾಣಿ, ಯಾವ ಜಾಗ ಅಂತ ಕೇಳಬೇಕು. ಇಷ್ಟಾದರೂ ಎಲ್ಲ ಎಣಿಕೆಗಳೂ ಒಂದು ಮಾತಿಗೆ ಒಪ್ಪುತ್ತವೆ. ಕೇಳಿಸಿಕೊಳ್ಳುವ ಎಳೆಗಳೇ ಜಾಸ್ತಿ.

ಎ, ಬಿ, ಸಿ ಎಳೆಗಳು ಅಂದರೇನು?

1920ರ ದಶಕದಲ್ಲಿ ಜೋಸೆಫ್ ಎರ್ಲ್ಯಾಂಗರ್ ಮತ್ತು ಹರ್ಬರ್ಟ್ ಗ್ಯಾಸರ್ ಆಗಷ್ಟೇ ಬಳಕೆಗೆ ಬಂದಿದ್ದ, ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಆಸಿಲೋಸ್ಕೋಪನ್ನು ನರಕ್ಕೆ ಜೋಡಿಸಿದರು. ನರದ ಒಂದು ತುದಿಗೆ ಕರೆಂಟು ಕೊಟ್ಟು ಇನ್ನೊಂದು ತುದಿಯಲ್ಲಿ ಕಾದು ನೋಡಿದರು. ಬಂದ ಅಲೆ ಒಂದಲ್ಲ. ಮೊದಲು ಒಂದು ಉಬ್ಬು, ಸ್ವಲ್ಪ ತಡವಾಗಿ ಇನ್ನೊಂದು, ತುಂಬಾ ತಡವಾಗಿ ಮತ್ತೊಂದು. ಒಟ್ಟಿಗೆ ಹೊರಟ ಓಟಗಾರರು ಬೇರೆ ಬೇರೆ ಹೊತ್ತಿಗೆ ಗೆರೆ ಮುಟ್ಟಿದ ಹಾಗೆ. ವೇಗದ ಪ್ರಕಾರ ಎಳೆಗಳಿಗೆ ಎ, ಬಿ, ಸಿ ಎಂಬ ಹೆಸರುಗಳು ಬಂದವು. ಈ ಕೆಲಸಕ್ಕೆ ಇಬ್ಬರಿಗೂ 1944ರ ನೊಬೆಲ್ ಬಂತು.

ಎ ಎಳೆಗಳು ದಪ್ಪ. ಸುತ್ತಲೂ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ. ಇವುಗಳೊಳಗೇ ಒಳಗುಂಪುಗಳಿವೆ. ವೇಗಸ್‌ನಲ್ಲಿ ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಹೋಗುವ ಎಳೆಗಳು, ಶ್ವಾಸಕೋಶ ಹಿಗ್ಗಿದ್ದನ್ನು ತಿಳಿಸುವ ಎಳೆಗಳು, ಮಹಾಪಧಮನಿಯ ರಕ್ತದೊತ್ತಡ ತಿಳಿಸುವ ಕೆಲವು ಎಳೆಗಳು ಈ ಗುಂಪಿನವು. ಸೆಕೆಂಡಿಗೆ ಹತ್ತಾರು ಮೀಟರ್ ಓಡುತ್ತವೆ. ಇವುಗಳಲ್ಲೇ ತೆಳುವಾದ ಎ ಡೆಲ್ಟಾ ಗುಂಪಿನದು ಸೆಕೆಂಡಿಗೆ ಸುಮಾರು 12ರಿಂದ 30 ಮೀಟರ್.

ಬಿ ಎಳೆಗಳಿಗೆ ತೆಳು ಹೊದಿಕೆ. ದಪ್ಪ 1ರಿಂದ 3 ಮೈಕ್ರೊಮೀಟರ್. ವೇಗ ಸೆಕೆಂಡಿಗೆ 3ರಿಂದ 15 ಮೀಟರ್. ಹೃದಯವನ್ನು ನಿಧಾನ ಮಾಡುವ ಆಜ್ಞೆ ಮುಖ್ಯವಾಗಿ ಇವುಗಳ ಮೂಲಕ ಹೋಗುತ್ತದೆ. ಸಂಖ್ಯೆಯಲ್ಲಿ ಇವು ಕಡಿಮೆ.

ಸಿ ಎಳೆಗಳಿಗೆ ಹೊದಿಕೆ ಇಲ್ಲ. ಹೆಚ್ಚಿನವು 1 ಮೈಕ್ರೊಮೀಟರಿಗಿಂತ ತೆಳು. ವೇಗ ಸೆಕೆಂಡಿಗೆ ಅರ್ಧದಿಂದ 2 ಮೀಟರ್. ಅಂದರೆ ನಾವು ನಡೆಯುವ ವೇಗ. ವೇಗಸ್‌ನ ಬಹುಪಾಲು ಎಳೆಗಳು ಇವೇ.

ಈ ಅಂಕಿಗಳನ್ನು ದೇಹದ ಮೇಲಿಟ್ಟು ನೋಡಿ. ಜಠರದಿಂದ ಮೆದುಳಿಗೆ ಸುಮಾರು ಅರ್ಧ ಮೀಟರ್ ದಾರಿ ಅಂದುಕೊಳ್ಳಿ. ಸೆಕೆಂಡಿಗೆ 1 ಮೀಟರ್ ಓಡುವ ಸಿ ಎಳೆಯಲ್ಲಿ ಹೊರಟ ಸುದ್ದಿ ಮುಟ್ಟಲು ಅರ್ಧ ಸೆಕೆಂಡು ಬೇಕು. ಸೆಕೆಂಡಿಗೆ 50 ಮೀಟರ್ ಓಡುವ ಎ ಎಳೆ ಅದೇ ದಾರಿಯನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಮುಗಿಸುತ್ತದೆ.

ಅಷ್ಟು ನಿಧಾನದ ಎಳೆಗಳನ್ನೇ ದೇಹ ಯಾಕೆ ಜಾಸ್ತಿ ಇಟ್ಟುಕೊಂಡಿದೆ?

ಅವಸರ ಇಲ್ಲದ ಕಡೆ ವೇಗಕ್ಕೆ ಖರ್ಚು ಮಾಡುವುದು ದಂಡ. ಊಟ ಜಠರದಿಂದ ಕರುಳಿಗೆ ಜಾರಲು ಗಂಟೆಗಳೇ ಹಿಡಿಯುತ್ತವೆ. ಆ ಸುದ್ದಿ ಅರ್ಧ ಸೆಕೆಂಡು ತಡವಾದರೆ ಏನೂ ಕೆಡುವುದಿಲ್ಲ.

ಜಾಗದ ಲೆಕ್ಕವೂ ಇದೆ. 10 ಮೈಕ್ರೊಮೀಟರ್ ದಪ್ಪದ ಒಂದು ಎಳೆ ಹಿಡಿಯುವ ಜಾಗದಲ್ಲಿ 1 ಮೈಕ್ರೊಮೀಟರ್ ದಪ್ಪದ ಸುಮಾರು ನೂರು ಎಳೆಗಳು ಹಿಡಿಸುತ್ತವೆ. ಒಂದು ಲಕ್ಷ ಎಳೆಗಳೂ ದಪ್ಪಗೇ ಇದ್ದಿದ್ದರೆ ಕತ್ತಿನಲ್ಲಿ ಈ ನರಕ್ಕೆ ಜಾಗವೇ ಸಾಲುತ್ತಿರಲಿಲ್ಲ. ಕೆಲವೇ ಮಿಲಿಮೀಟರ್ ದಪ್ಪದಲ್ಲಿ ಇಷ್ಟೊಂದು ಸಾಲುಗಳು ಕೂತಿರುವುದು ತೆಳು ಎಳೆಗಳಿಂದಲೇ.

ಸೂಕ್ಷ್ಮದರ್ಶಕದಲ್ಲಿ ಇದು ಹೇಗೆ ಕಾಣುತ್ತದೆ?

ನಾನು ಮೊದಲ ಬಾರಿ ನೋಡಿದ್ದು ನೀಲಿ ಬಣ್ಣ ಹಾಕಿದ ತೆಳುವಾದ ಅಡ್ಡಸೀಳು. ಕಣ್ಣಿಗೆ ಮೊದಲು ಬೀಳುವುದು ಕಡುನೀಲಿ ಉಂಗುರಗಳು. ಉಂಗುರವೇ ಮಯಲಿನ್, ನಡುವಿನ ಬಿಳಿ ಜಾಗವೇ ಎಳೆ. ದೊಡ್ಡ ಉಂಗುರ ಕೆಲವು, ಸಣ್ಣವು ಹಲವು. ಉಂಗುರಗಳ ನಡುವೆ ಮಸುಕಾದ, ಏನೂ ಇಲ್ಲದಂತಿರುವ ಜಾಗ ತುಂಬಾ ಇತ್ತು. ನಾನು ಉಂಗುರಗಳನ್ನು ಮಾತ್ರ ಎಣಿಸುತ್ತಾ ಹೋದೆ. ಪಕ್ಕದಲ್ಲಿದ್ದ ಮೇಷ್ಟ್ರು ಆ ಮಸುಕು ಜಾಗಕ್ಕೆ ಬೆರಳು ತೋರಿಸಿ, "ನರ ಇರೋದು ಅಲ್ಲಿ" ಅಂದರು. ಆಮೇಲೆ ಅದೇ ಜಾಗದ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ತೋರಿಸಿದರು. ಮಸುಕು ಅಂದುಕೊಂಡ ಕಡೆ ಎಳೆಗಳಿಗೆ ಆಸರೆಯಾಗುವ ಒಂದೊಂದು ಶ್ವಾನ್ ಕೋಶದ ಮಡಿಲಲ್ಲಿ ಹಲವಾರು ತೆಳು ಎಳೆಗಳು ಒತ್ತೊತ್ತಾಗಿ ಕೂತಿದ್ದವು. ಒಂದೇ ಹೊದಿಕೆಯೊಳಗೆ ಮುದುಡಿ ಮಲಗಿದ ಮಕ್ಕಳಂತೆ. ಆ ಚಿತ್ರ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇಂಥ ಕಂತೆಗೆ ರೆಮಾಕ್ ಕಂತೆ ಎಂದು ಹೆಸರು. ಹೊದಿಕೆ ಇಲ್ಲದ ಎಳೆಗಳನ್ನು 1830ರ ದಶಕದಲ್ಲೇ ಗುರುತಿಸಿದ ರಾಬರ್ಟ್ ರೆಮಾಕ್ ನೆನಪಿಗೆ. ಅತಿ ತೆಳುವಾದವು ಬೆಳಕಿನ ಸೂಕ್ಷ್ಮದರ್ಶಕದ ಮಿತಿಯ ಹತ್ತಿರ ಇರುವುದರಿಂದ ಹಳೆಯ ಎಣಿಕೆಗಳಲ್ಲಿ ಬಹಳ ಎಳೆಗಳು ತಪ್ಪಿಹೋಗಿವೆ. 20ನೇ ಶತಮಾನದ ನಡುವಿನಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆಯೇ ಅವುಗಳ ಸರಿಯಾದ ಲೆಕ್ಕ ಸಿಕ್ಕಿದ್ದು.

ಹೃದಯಕ್ಕೆ ಹೋಗುವ ಎಳೆಗಳ ಕೆಲಸವನ್ನು ನಾವೇ ನೋಡಬಹುದೇ?

ಖಂಡಿತ. ಸುಮ್ನೆ ಕೂತು ಮಣಿಕಟ್ಟಿನ ನಾಡಿ ಹಿಡಿಯಿರಿ. ಐದು ಸೆಕೆಂಡು ನಿಧಾನವಾಗಿ ಉಸಿರು ಒಳಗೆ ಎಳೆದುಕೊಳ್ಳಿ, ಐದು ಸೆಕೆಂಡು ನಿಧಾನವಾಗಿ ಬಿಡಿ. ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ. ಬಿಡುವಾಗ ಬಡಿತಗಳ ನಡುವಿನ ಅಂತರ ಹೆಚ್ಚುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇದು ಚೆನ್ನಾಗಿ ಗೊತ್ತಾಗುತ್ತದೆ. ಉಸಿರು ಬಿಡುವಾಗ ವೇಗಸ್‌ನ ಬಿ ಎಳೆಗಳು ಹೃದಯಕ್ಕೆ ಹೆಚ್ಚು ಸಂಕೇತ ಕಳಿಸುತ್ತವೆ, ಎಳೆದುಕೊಳ್ಳುವಾಗ ಕಡಿಮೆ. ಇಷ್ಟು ಬೇಗ ಬದಲಾಗಬೇಕಾದರೆ ಎಳೆಗೆ ಹೊದಿಕೆ ಬೇಕೇ ಬೇಕು. ಸೆಕೆಂಡಿಗೆ 10 ಮೀಟರ್ ಅಂದರೂ ಮಿದುಳುಕಾಂಡದಿಂದ ಹೃದಯಕ್ಕೆ ಸೆಕೆಂಡಿನ ನೂರನೇ ಕೆಲವು ಭಾಗದಲ್ಲಿ ಸಂಕೇತ ಮುಟ್ಟುತ್ತದೆ. ಮುಂದಿನ ಬಡಿತವೇ ಬದಲಾಗುತ್ತದೆ.

ಈ ಎಳೆಗಳ ಕೋಶಗಳು ಹೆಚ್ಚಾಗಿ ಮಿದುಳುಕಾಂಡದ ನ್ಯೂಕ್ಲಿಯಸ್ ಆಂಬಿಗ್ಯೂಸ್ ಎಂಬ ಜಾಗದಲ್ಲಿವೆ. ಇನ್ನೊಂದು ಜಾಗ, ವೇಗಸ್‌ನ ಡಾರ್ಸಲ್ ಮೋಟರ್ ನ್ಯೂಕ್ಲಿಯಸ್‌ನಿಂದಲೂ ಹೃದಯಕ್ಕೆ ಸಿ ಎಳೆಗಳು ಹೋಗುತ್ತವೆ. ಉಸಿರಿನ ತಾಳಕ್ಕೆ ತಕ್ಕಂತೆ ನಾಡಿ ಕುಣಿಸುವ ಕೆಲಸ ಮಾತ್ರ ಮುಖ್ಯವಾಗಿ ಮೊದಲಿನವುಗಳದು.

ವೇಗಸ್ ಹೃದಯವನ್ನು ತಡೆಯುತ್ತದೆ ಎಂದು ವೆಬರ್ ಸಹೋದರರು 1845ರಲ್ಲಿ ತೋರಿಸಿದ್ದರು. ಇದರ ತಡೆ ಎಷ್ಟು ಬಲವಾದದ್ದು ಅಂತ ತಿಳಿಯಲು ಹೃದಯ ಕಸಿ ಮಾಡಿಸಿಕೊಂಡವರನ್ನು ನೋಡಿದರೆ ಸಾಕು. ಕಸಿಯಾದ ಹೃದಯಕ್ಕೆ ವೇಗಸ್ ಸಂಪರ್ಕ ಇರುವುದಿಲ್ಲ. ವಿಶ್ರಾಂತಿಯಲ್ಲೂ ಅದು ನಿಮಿಷಕ್ಕೆ 90ರಿಂದ 110ರಷ್ಟು ಬಡಿಯುತ್ತದೆ.

ಶ್ವಾಸಕೋಶದಿಂದ ಯಾವ ಎಳೆಗಳು ಬರುತ್ತವೆ?

ನನ್ನ ಮಟ್ಟಿಗೆ ವೇಗಸ್‌ನ ಅತಿ ಚೆಂದದ ಕಥೆ ಇದು. 1868ರಲ್ಲಿ ಹೆರಿಂಗ್ ಮತ್ತು ಬ್ರಾಯರ್ ಒಂದು ವಿಷಯ ಗಮನಿಸಿದರು. ಶ್ವಾಸಕೋಶವನ್ನು ಊದಿ ಹಿಗ್ಗಿಸಿದರೆ ಪ್ರಾಣಿ ಉಸಿರು ಎಳೆದುಕೊಳ್ಳುವುದನ್ನು ನಿಲ್ಲಿಸುತ್ತದೆ. ಎರಡೂ ವೇಗಸ್ ಕತ್ತರಿಸಿದರೆ ನಿಲ್ಲಿಸುವುದಿಲ್ಲ. ಅಂದರೆ "ಸಾಕು, ತುಂಬಿತು" ಅನ್ನುವ ಸುದ್ದಿ ಈ ನರದಲ್ಲೇ ಬರುತ್ತಿತ್ತು. 1933ರಲ್ಲಿ ಎಡ್ಗರ್ ಏಡ್ರಿಯನ್ ಬೆಕ್ಕಿನ ವೇಗಸ್‌ನ ಒಂಟಿ ಎಳೆಗಳಲ್ಲಿ ಆ ಸುದ್ದಿಯನ್ನೇ ಹಿಡಿದ. ಶ್ವಾಸಕೋಶ ಹಿಗ್ಗಿದಷ್ಟೂ ಸಂಕೇತಗಳು ಪಟಪಟನೆ ಹೆಚ್ಚಾದವು. ಇವು ಹೊದಿಕೆ ಇರುವ ಎ ಎಳೆಗಳು. ಶ್ವಾಸನಾಳಕ್ಕೆ ಹೊಗೆ, ದೂಳು ತಗುಲಿದರೆ ಕೂಡಲೇ ಎಚ್ಚರಿಸುವ ತೆಳುವಾದ ಎ ಎಳೆಗಳೂ ಇವೆ.

ಸಿ ಎಳೆಗಳ ಕಥೆ ತಡವಾಗಿ ತೆರೆದುಕೊಂಡಿತು. ತೆಳುವಾದ ಎಳೆಯ ಸಂಕೇತವನ್ನು ಒಂಟಿಯಾಗಿ ಹಿಡಿಯುವುದು ಸುಲಭವಲ್ಲ. 1950ರ ದಶಕದಲ್ಲಿ ಭಾರತದ ವಿಜ್ಞಾನಿ ಔತಾರ್ ಸಿಂಗ್ ಪೈಂಟಲ್ ಬೆಕ್ಕಿನ ವೇಗಸ್ಸಿನಿಂದ ಎಳೆಗಳನ್ನು ಬಿಡಿಸಿ ತೆಗೆದು, ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಪಕ್ಕದಿಂದ ಬರುವ ಸಿ ಎಳೆಗಳನ್ನು ಗುರುತಿಸಿದರು. ಮುಂದೆ ಅವುಗಳ ತುದಿಗಳಿಗೆ ಜೆ ಗ್ರಾಹಕ ಎಂಬ ಹೆಸರು ಬಂತು. ಶ್ವಾಸಕೋಶದಲ್ಲಿ ನೀರು ತುಂಬತೊಡಗಿದಾಗ ಇವು ಕೆರಳಿ, ಉಸಿರನ್ನು ಚುಟುಕಾಗಿಸಿ ವೇಗವಾಗಿಸುತ್ತವೆ.

ಈ ಕಾಲದ ಒಂದು ಕೆಲಸವನ್ನೂ ಇದರ ಪಕ್ಕ ಇಡಬೇಕು. 2015ರಲ್ಲಿ ಮೌಸ್ ಎಂಬ ಚಿಕ್ಕ ಇಲಿಗಳಲ್ಲಿ, ಬೆಳಕು ಹಾಯಿಸಿ ಒಂದೊಂದು ಬಗೆಯ ಎಳೆಯನ್ನಷ್ಟೇ ಎಬ್ಬಿಸಿ ನೋಡಿದರು. ಒಂದು ಗುಂಪನ್ನು ಎಬ್ಬಿಸಿದರೆ ಉಸಿರು ನಿಂತುಹೋಯಿತು. ಅವು ಹೆಚ್ಚಾಗಿ ಎ ಎಳೆಗಳು. ಇನ್ನೊಂದನ್ನು ಎಬ್ಬಿಸಿದರೆ ಉಸಿರು ಚುಟುಕಾಗಿ ವೇಗವಾಯಿತು. ಅವು ಹೆಚ್ಚಾಗಿ ಸಿ ಎಳೆಗಳು. ಹೆರಿಂಗ್–ಬ್ರಾಯರ್ ಕಂಡದ್ದೂ ಪೈಂಟಲ್ ಕಂಡದ್ದೂ ಒಂದೇ ಪ್ರಯೋಗದಲ್ಲಿ ಅಕ್ಕಪಕ್ಕ ಬಂದು ಕೂತವು.

ಹೊರಗೆ ಹೋಗುವ ಎಳೆಗಳು ಅಷ್ಟು ಕಡಿಮೆ ಇದ್ದರೆ ಹೊಟ್ಟೆ, ಕರುಳು ನಡೆಯುವುದು ಹೇಗೆ?

ಕರುಳಿಗೆ ತನ್ನದೇ ನರಜಾಲ ಇದೆ. ಮನುಷ್ಯರಲ್ಲಿ ಅದರಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆ. ಆಹಾರವನ್ನು ಹಿಂಡಿ ಮುಂದೆ ತಳ್ಳುವ ದಿನನಿತ್ಯದ ಕೆಲಸವನ್ನು ಅದೇ ನೋಡಿಕೊಳ್ಳುತ್ತದೆ. ಮೆದುಳಿನಿಂದ ಹೋಗುವ ಎಳೆಗಳು ಆಗಾಗ ಬಂದು "ಸ್ವಲ್ಪ ಜೋರು, ಸ್ವಲ್ಪ ಮೆಲ್ಲಗೆ" ಅಂತ ಹೇಳಿ ಹೋಗುವ ಹಿರಿಯರಿದ್ದ ಹಾಗೆ. ಒಂದೊಂದು ಎಳೆ ಕವಲೊಡೆದು ಹಲವಾರು ಕೋಶಗಳಿಗೆ ಮಾತು ಮುಟ್ಟಿಸುತ್ತದೆ. ಅನ್ನನಾಳ ಮತ್ತು ಜಠರದಲ್ಲಿ ಇವುಗಳ ಹಿಡಿತ ಹೆಚ್ಚು. ಕರುಳಿನಲ್ಲಿ ಕೆಳಕೆಳಗೆ ಹೋದಂತೆ ಕಡಿಮೆ.

ಮೇಲಕ್ಕೆ ಬರುವ ಸುದ್ದಿಗಳು ಮಾತ್ರ ಬಗೆಬಗೆಯವು. ಜಠರ ಹಿಗ್ಗಿತು, ಕರುಳಿಗೆ ಸಕ್ಕರೆ ಬಂತು, ಕೊಬ್ಬು ಬಂತು, ಏನೋ ವಿಷ ಬಂದ ಹಾಗಿದೆ. ಕೊನೆಯದಕ್ಕೆ ಒಂದು ಉದಾಹರಣೆ. ಕ್ಯಾನ್ಸರ್‌ನ ಕೆಲವು ಔಷಧಿಗಳು ಕರುಳಿನ ಒಳಪದರದ ಕೋಶಗಳಿಂದ ಸೆರೊಟೋನಿನ್ ಎಂಬ ಸುದ್ದಿ ಒಯ್ಯುವ ರಾಸಾಯನಿಕವನ್ನು ಸುರಿಸುತ್ತವೆ. ಪಕ್ಕದಲ್ಲಿರುವ ವೇಗಸ್ ಎಳೆಯ ತುದಿಗೆ ಅದು ತಾಕುತ್ತದೆ. ಸುದ್ದಿ ಮಿದುಳುಕಾಂಡಕ್ಕೆ ಹೋಗಿ ವಾಂತಿ ಬರುತ್ತದೆ. ಒಂಡಾನ್ಸೆಟ್ರಾನ್ ಎಂಬ ಮಾತ್ರೆ ಮುಖ್ಯವಾಗಿ ಎಳೆಯ ತುದಿಯ ಆ ಬಾಗಿಲನ್ನೇ ಮುಚ್ಚುತ್ತದೆ. ವಾಂತಿಯಿಂದ ಸೋತುಹೋದವರಿಗೆ ಇದು ಎಷ್ಟು ದೊಡ್ಡ ಆಸರೆ ಅಂತ ಹತ್ತಿರದಿಂದ ನೋಡಿದವರಿಗೆ ಗೊತ್ತು.

ಹಾಗಾದರೆ ಹೊಟ್ಟೆನೋವೂ ವೇಗಸ್‌ನಲ್ಲೇ ಬರುತ್ತದೆಯೇ?

ಬಹುಮಟ್ಟಿಗೆ ಇಲ್ಲ. ಒಳ ಅಂಗಗಳ ನೋವು ಮುಖ್ಯವಾಗಿ ಬೆನ್ನುಹುರಿಯ ನರಗಳ ದಾರಿ ಹಿಡಿಯುತ್ತದೆ. ವೇಗಸ್ ತರುವುದು ಹೊಟ್ಟೆ ತುಂಬಿದ ಭಾವ, ಹೊಟ್ಟೆ ತೊಳಸುವಿಕೆ, ಕೆಮ್ಮಿನ ಕೆರೆತ, ಉಸಿರು ಕಟ್ಟಿದ ಅನುಭವ ಇಂಥವನ್ನು. ಹೆಚ್ಚಿನ ಸುದ್ದಿ ನಮ್ಮ ಅರಿವಿಗೆ ಬರುವುದೇ ಇಲ್ಲ. ಈಗ ನಿಮ್ಮ ರಕ್ತದೊತ್ತಡ ಎಷ್ಟಿದೆ ಅಂತ ನಿಮಗೆ ಗೊತ್ತಿಲ್ಲ, ಮಿದುಳುಕಾಂಡಕ್ಕೆ ಗೊತ್ತಿದೆ.

ಕಿವಿ ತೊಳೆಯುವಾಗ ಕೆಮ್ಮು ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಂತೆ?

ಇದೆ. ವೇಗಸ್‌ನ ಒಂದು ಪುಟ್ಟ ಕವಲು ಕಿವಿಯ ಹೊರನಾಳದ ಚರ್ಮಕ್ಕೆ ಹೋಗುತ್ತದೆ. ಅದಕ್ಕೆ ಆರ್ನಾಲ್ಡ್ ನರ ಅಂತ ಹೆಸರು. ಅದರ ಎಳೆಗಳು ಜುಗುಲರ್ ಗಂಟಿನವು. ಕೆಲವರಲ್ಲಿ ಅಲ್ಲಿ ಮುಟ್ಟಿದರೆ ಗಂಟಲು ಕೆರೆದ ಹಾಗಾಗಿ ಕೆಮ್ಮು ಬರುತ್ತದೆ.

ಎರಡು ಗಂಟುಗಳ ಹುಟ್ಟೇ ಬೇರೆ ಬೇರೆ ಅನ್ನುವುದು ಗಮನಿಸಬೇಕಾದ ವಿಷಯ. ಭ್ರೂಣದಲ್ಲಿ ನೊಡೋಸ್ ಗಂಟಿನ ನರಕೋಶಗಳು ಪ್ಲಾಕೋಡ್ ಎಂಬ ಹೊರಪದರದ ದಪ್ಪ ತೇಪೆಗಳಿಂದ ಬರುತ್ತವೆ. ಜುಗುಲರ್ ಗಂಟಿನವು ಭ್ರೂಣದಲ್ಲಿ ಮೆದುಳು, ಬೆನ್ನುಹುರಿ ಆಗುವ ನಳಿಕೆಯ ಅಂಚಿನ ಕೋಶಗಳಾದ ನರಶಿಖೆಯಿಂದ. ಚಿಕ್ಕ ಇಲಿಗಳಲ್ಲಿ ಈ ಗಂಟುಗಳ ಒಂದೊಂದು ಕೋಶದ ಜೀನ್‌ಗಳನ್ನು ಓದಿ 2019ರಲ್ಲಿ ಪಟ್ಟಿ ಮಾಡಿದಾಗ ನೊಡೋಸ್‌ನಲ್ಲಿ 18, ಜುಗುಲರ್‌ನಲ್ಲಿ 6 ಬಗೆ ಸಿಕ್ಕವು. ಎ, ಬಿ, ಸಿ ಎಂಬ ಹಳೆಯ ಮೂರು ಡಬ್ಬಿಗಳಲ್ಲಿ ಇಷ್ಟೊಂದು ಬಗೆ ಅಡಗಿತ್ತು!

ಎಡ ಮತ್ತು ಬಲ ವೇಗಸ್ ಒಂದೇ ಥರವೇ?

ಎಳೆಗಳ ಬಗೆ ಒಂದೇ, ಹಂಚಿಕೆ ಬೇರೆ. ಬಲಗಡೆಯದು ಹೃದಯದ ಬಡಿತ ಹುಟ್ಟುವ ಜಾಗದ ಮೇಲೆ ಹೆಚ್ಚು ಹಿಡಿತ ಹೊಂದಿದೆ. ಎಡಗಡೆಯದು ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಬಡಿತ ದಾಟುವ ಜಾಗದ ಮೇಲೆ. ಇದು ಖಡಾಖಂಡಿತ ಗೆರೆ ಏನೂ ಅಲ್ಲ.

ಎಲ್ಲ ಸಸ್ತನಿಗಳಲ್ಲೂ ರಚನೆ ಒಂದೇ ಆಗಿದೆಯೇ?

ಎಳೆಗಳ ಬಗೆ ಒಂದೇ. ಅವುಗಳನ್ನು ಕಟ್ಟಿಟ್ಟ ರೀತಿ ಬೇರೆ. ಇಲಿಯ ಕತ್ತಿನ ವೇಗಸ್ ಸಾಮಾನ್ಯವಾಗಿ ಒಂದೇ ಕಂತೆ. ಮನುಷ್ಯರಲ್ಲಿ ಹಲವು ಕಂತೆಗಳು, ಒಬ್ಬರಿಂದ ಒಬ್ಬರಿಗೆ ಲೆಕ್ಕ ಬದಲಾಗುತ್ತದೆ. ಹಂದಿಯಲ್ಲಿ ಹತ್ತಾರು ಕಂತೆಗಳು. ಹಂದಿಯ ನರದಲ್ಲಿ ಒಂದೊಂದು ಕೆಲಸದ ಎಳೆಗಳು ಬೇರೆ ಬೇರೆ ಕಡೆ ಗುಂಪುಗೂಡಿರುವುದನ್ನೂ ಇತ್ತೀಚಿನ ವರ್ಷಗಳಲ್ಲಿ ತೋರಿಸಿದ್ದಾರೆ. ನಾಯಿಯ ಕತ್ತಿನಲ್ಲಿ ವೇಗಸ್ ಮತ್ತು ದೇಹವನ್ನು ಓಟ, ಹೋರಾಟಕ್ಕೆ ಸಜ್ಜುಗೊಳಿಸುವ ಸಿಂಪಥೆಟಿಕ್ ನರ ಒಂದೇ ಹೊದಿಕೆಯೊಳಗೆ ಸೇರಿಕೊಂಡಿವೆ. ಮೊಲದಲ್ಲಿ ಅವು ಬೇರೆ ಬೇರೆ. ಅಷ್ಟೇ ಅಲ್ಲ, ಮೊಲದಲ್ಲಿ ಮಹಾಪಧಮನಿಯ ಒತ್ತಡ ತಿಳಿಸುವ ಎಳೆಗಳೂ ಬೇರೆಯಾಗಿ ಒಂದು ಸಣ್ಣ ನರವಾಗಿ ಹೋಗುತ್ತವೆ. ಇದರಿಂದಲೇ ಲುಡ್ವಿಗ್ ಮತ್ತು ಸಿಯಾನ್ 1866ರಲ್ಲಿ ಆ ನರವನ್ನು ಕಂಡುಹಿಡಿಯಲು ಸಾಧ್ಯವಾಯಿತು.

ಕುದುರೆಯ ವಿಷಯ ಹೇಳದೆ ಇರಲಾರೆ. ವೇಗಸ್‌ನ ಒಂದು ಕವಲು ಎದೆಯವರೆಗೆ ಇಳಿದು, ಎಡಗಡೆ ಮಹಾಪಧಮನಿಯನ್ನು ಸುತ್ತಿ, ಮತ್ತೆ ಧ್ವನಿಪೆಟ್ಟಿಗೆಗೆ ಏರಿ ಬರುತ್ತದೆ. ಉದ್ದ ಕತ್ತಿನ ಪ್ರಾಣಿಗೆ ಇದು ಬಹಳ ದೂರದ ದಾರಿ. ಜಿರಾಫೆಯಲ್ಲಿ ಹಲವು ಮೀಟರ್. ಎತ್ತರದ ಕುದುರೆಗಳಲ್ಲಿ ಈ ಎಡ ನರದ ಹೊದಿಕೆ ಇರುವ ದಪ್ಪ ಎಳೆಗಳು ತುದಿಯ ಕಡೆಯಿಂದ ಸವೆಯತೊಡಗುತ್ತವೆ. ಆ ಬದಿಯ ಸ್ನಾಯು ಬಡವಾಗುತ್ತದೆ. ಓಡುವಾಗ ಧ್ವನಿಪೆಟ್ಟಿಗೆ ಪೂರ್ತಿ ತೆರೆಯದೆ, ಉಸಿರು ಎಳೆದಾಗಲೆಲ್ಲ ಗೊರಗೊರ ಸದ್ದು ಬರುತ್ತದೆ. ಕಾಯಿಲೆ ಇರುವುದು ಎದೆಯಲ್ಲೂ ಅಲ್ಲ, ಗಂಟಲಲ್ಲೂ ಅಲ್ಲ. ಅತಿ ಉದ್ದನೆಯ ಎಳೆಗಳ ತುದಿಯಲ್ಲಿ.

ಹೃದಯಕ್ಕೆ ಹೋಗುವ ಹೊದಿಕೆಯುಳ್ಳ ಎಳೆಗಳು ಸಸ್ತನಿಗಳಲ್ಲಿ ಮಾತ್ರ ಇವೆಯಂತೆ, ನಿಜವೇ?

ಹಾಗೆ ಬಹಳ ಕಡೆ ಬರೆದಿರುತ್ತಾರೆ. ಸರಿಯಲ್ಲ. 2018ರಲ್ಲಿ ದಕ್ಷಿಣ ಅಮೆರಿಕದ ಶ್ವಾಸಕೋಶ ಮೀನಿನಲ್ಲೂ ಅಂಥ ಎಳೆಗಳು ಸಿಕ್ಕವು. ಅದರ ಹೃದಯವೂ ಉಸಿರಿಗೆ ತಕ್ಕಂತೆ ಬಡಿತ ಬದಲಿಸುತ್ತದೆ.

ವೇಗಸ್ ಪೂರ್ತಿ ಪ್ಯಾರಾಸಿಂಪಥೆಟಿಕ್ ನರ ಅಲ್ವಾ?

ಪಾಠದಲ್ಲಿ ಹಾಗೆ ಹೇಳಿಕೊಡುತ್ತಾರೆ. ಆದರೆ ಪ್ಯಾರಾಸಿಂಪಥೆಟಿಕ್ ಅನ್ನುವುದು ಹೊರಗೆ ಹೋಗುವ ಎಳೆಗಳಲ್ಲಿ, ಒಳ ಅಂಗಗಳನ್ನು ವಿಶ್ರಾಂತಿ, ಜೀರ್ಣದ ಕಡೆಗೆ ತಿರುಗಿಸುವ ಒಂದು ಪಾಲಿನ ಹೆಸರು. ಗಂಟಲು, ಧ್ವನಿಪೆಟ್ಟಿಗೆಯ ಸ್ನಾಯುಗಳಿಗೆ ಹೋಗುವವು ಆ ಲೆಕ್ಕಕ್ಕೆ ಬರುವುದಿಲ್ಲ. ಒಳಗೆ ಬರುವ ದೊಡ್ಡ ಪಾಲೂ ಬರುವುದಿಲ್ಲ. ಇನ್ನೊಂದು ಅಚ್ಚರಿ ಎಂದರೆ, ಮನುಷ್ಯರ ವೇಗಸ್‌ನಲ್ಲಿ ಅಲ್ಲಲ್ಲಿ ಸಿಂಪಥೆಟಿಕ್ ಎಳೆಗಳೂ ಬಂದು ಸೇರಿಕೊಂಡಿವೆ. ವಿಶೇಷ ಬಣ್ಣಗಳಿಂದ ಅವನ್ನು ಗುರುತಿಸಿದ್ದಾರೆ. ಪಾಲು ಸಣ್ಣದು, ಆದರೆ ಇದೆ.

ಮೂರ್ಛೆರೋಗಕ್ಕೆ ವೇಗಸ್‌ಗೆ ಕರೆಂಟು ಕೊಡುವ ಯಂತ್ರ ಹಾಕುತ್ತಾರೆ. ಅದು ಯಾವ ಎಳೆಗಳನ್ನು ಎಬ್ಬಿಸುತ್ತದೆ?

ದಪ್ಪನೆಯವನ್ನು ಮೊದಲು. ಹೊರಗಿನಿಂದ ಕೊಟ್ಟ ಕರೆಂಟಿಗೆ ದಪ್ಪ ಎಳೆಗಳು ಸುಲಭವಾಗಿ ಏಳುತ್ತವೆ. ಆದ್ದರಿಂದ ಕಡಿಮೆ ಕರೆಂಟಿನಲ್ಲಿ ಎ, ಸ್ವಲ್ಪ ಹೆಚ್ಚಿಸಿದರೆ ಬಿ. ಸಿ ಎಳೆಗಳನ್ನು ಎಬ್ಬಿಸಲು ತುಂಬಾ ಜಾಸ್ತಿ ಬೇಕು. ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಅಷ್ಟು ಕೊಡುವುದಿಲ್ಲ. ಇಲಿಗಳಲ್ಲಿ ಸಿ ಎಳೆಗಳನ್ನು ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ನಿಂದ ನಾಶ ಮಾಡಿದ ಮೇಲೂ ಈ ಚಿಕಿತ್ಸೆ ಮೂರ್ಛೆಯನ್ನು ತಡೆಯಿತು ಎಂದು 2001ರಲ್ಲಿ ತೋರಿಸಿದರು. ಅಂದರೆ ಅಲ್ಲಿ ಕೆಲಸ ಮಾಡುವುದು ಹೊದಿಕೆ ಇರುವ ಕೆಲವೇ ಎಳೆಗಳು.

ಈ ಚಿಕಿತ್ಸೆಗೆ ಅಮೆರಿಕದಲ್ಲಿ 1997ರಲ್ಲಿ ಒಪ್ಪಿಗೆ ಸಿಕ್ಕಿತು. 2005ರಲ್ಲಿ ಖಿನ್ನತೆಗೂ ಸಿಕ್ಕಿತು. ಯಂತ್ರ ಚಾಲೂ ಆದಾಗ ಹಲವರ ದನಿ ಗೊಗ್ಗರಾಗುತ್ತದೆ. ಕಾರಣ ಈಗ ನಿಮಗೇ ಹೊಳೆದಿರಬೇಕು. ಧ್ವನಿಪೆಟ್ಟಿಗೆಯ ಎಳೆಗಳೇ ಆ ನರದ ದಪ್ಪ ಎಳೆಗಳು. ಕರೆಂಟಿಗೆ ಮೊದಲು ಏಳುವವೂ ಅವೇ.

ತಣ್ಣಗೆ ಮಾಡಿದರೆ ಏನಾಗುತ್ತದೆ ಅಂತಲೂ ಕೆಲವರು ಕೇಳುತ್ತಾರೆ. ಪ್ರಯೋಗಗಳಲ್ಲಿ ನರವನ್ನೇ ಸುಮಾರು 7–8 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಹೊದಿಕೆ ಇರುವ ಹೆಚ್ಚಿನ ಎಳೆಗಳು ಸುಮ್ಮನಾಗುತ್ತವೆ. ಸಿ ಎಳೆಗಳು ಇನ್ನೂ ತಣ್ಣಗಾಗುವವರೆಗೆ ಕೆಲಸ ಮಾಡುತ್ತಲೇ ಇರುತ್ತವೆ. ಎರಡು ಗುಂಪುಗಳ ಕೆಲಸವನ್ನು ಬೇರ್ಪಡಿಸಿ ನೋಡಲು ಶರೀರಶಾಸ್ತ್ರದವರು ಈ ಉಪಾಯ ಬಳಸುತ್ತಾರೆ.

ಈ ನರವನ್ನು ಕತ್ತರಿಸಿದರೆ ಏನಾಗುತ್ತದೆ? ಮತ್ತೆ ಬೆಳೆಯುತ್ತದೆಯೇ?

ಒಂದು ಕಾಲದಲ್ಲಿ ಹೊಟ್ಟೆಹುಣ್ಣಿಗೆ ಇದೇ ಶಸ್ತ್ರಚಿಕಿತ್ಸೆ ಇತ್ತು. 1943ರಲ್ಲಿ ಲೆಸ್ಟರ್ ಡ್ರ್ಯಾಗ್‌ಸ್ಟೆಟ್ ಜಠರದ ಆಮ್ಲ ಇಳಿಸಲು ವೇಗಸ್ ಕತ್ತರಿಸುವುದನ್ನು ಶುರು ಮಾಡಿದರು. ಆಮ್ಲವೇನೋ ಇಳಿಯಿತು. ಆದರೆ ಜಠರ ಸರಿಯಾಗಿ ಖಾಲಿಯಾಗದೆ ಹಲವರು ಒದ್ದಾಡಿದರು. ಹಾಗಾಗಿ ಜಠರದ ಬಾಗಿಲನ್ನು ಅಗಲಿಸುವ ಇನ್ನೊಂದು ಕೆಲಸವನ್ನೂ ಜೊತೆಗೆ ಮಾಡಬೇಕಾಯಿತು. ಮುಂದೆ ಆಮ್ಲ ಸುರಿಸುವ ಭಾಗಕ್ಕೆ ಹೋಗುವ ಸಣ್ಣ ಕವಲುಗಳನ್ನಷ್ಟೇ ಕತ್ತರಿಸುವ ಕ್ರಮ ಬಂತು. ಔಷಧಿಗಳು ಬಂದ ಮೇಲೆ ಈ ಶಸ್ತ್ರಚಿಕಿತ್ಸೆ ಬಹಳ ಅಪರೂಪವಾಯಿತು. ಅಂದು ಕತ್ತರಿಸಿದವರ ಗುರಿ ಇದ್ದದ್ದು ಹೊರಗೆ ಹೋಗುವ ಕೆಲವೇ ಎಳೆಗಳ ಮೇಲೆ. ಕತ್ತರಿ ಬಿದ್ದದ್ದು ಮಾತ್ರ ಹೆಚ್ಚಾಗಿ ಒಳಗೆ ಬರುವ ಎಳೆಗಳ ಮೇಲೆ.

ಕತ್ತರಿಸಿದ ಎಳೆಗಳು ಮತ್ತೆ ಚಿಗುರುತ್ತವೆ. ಇಲಿಗಳಲ್ಲಿ ತಿಂಗಳುಗಳ ನಂತರ ನೋಡಿದಾಗ ಒಳಗೆ ಬರುವ ಎಳೆಗಳು ಜಠರ, ಕರುಳಿನ ಗೋಡೆಯನ್ನು ಪುನಃ ತಲುಪಿದ್ದವು. ಕೆಲವು ತಮ್ಮ ಹಳೆಯ ಆಕಾರದ ತುದಿಗಳನ್ನೇ ಮತ್ತೆ ಕಟ್ಟಿಕೊಂಡಿದ್ದವು. ಕೆಲವು ದಾರಿ ತಪ್ಪಿ, ಗಂಟು ಗಂಟಾಗಿ ಸುತ್ತಿಕೊಂಡು ಅಲ್ಲೇ ನಿಂತಿದ್ದವು.